ಫರ್ನೇಸ್ ಚೆಕ್ ಮಾಡಬೇಕು ಅಂತ ಬಾಗಿಲಿಗೆ ಬಂದವರು

2023ರ ಫೆಬ್ರವರಿ. ಹೊರಗೆ ಮೈನಸ್ 14. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು, ಮಗಳು ಸ್ಕೂಲಿಗೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್ ಊರಲ್ಲಿ ನಮ್ಮ ಮನೆ. ಆ ಹೊತ್ತಿಗೆ ಮನೆಯಲ್ಲಿದ್ದದ್ದು ಹಾಸನದಿಂದ ಬಂದಿದ್ದ ಅಪ್ಪ ಒಬ್ಬರೇ. ಮಧ್ಯಾಹ್ನ ಎರಡು ಗಂಟೆಗೆ ಬೆಲ್ ಆಯಿತು.

ಬಾಗಿಲು ತೆಗೆದರೆ ಇಬ್ಬರು ಹುಡುಗರು. ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್, ಕೊರಳಲ್ಲಿ ಫೋಟೋ ಇರುವ ಕಾರ್ಡು, ಕೈಯಲ್ಲಿ ಟ್ಯಾಬ್. ಅಪ್ಪನ ಮುಖ ನೋಡಿ ‘ನಮಸ್ತೆ ಅಂಕಲ್‌ಜೀ’ ಎಂದು ಹಿಂದಿಯಲ್ಲೇ ಶುರು ಮಾಡಿದರಂತೆ. ಫರ್ನೇಸ್ ಚೆಕ್ ಮಾಡಬೇಕು, ಈ ಬೀದಿಯ ಎಲ್ಲ ಮನೆಗೂ ಹೋಗ್ತಿದ್ದೇವೆ, ಐದೇ ನಿಮಿಷ. (ಫರ್ನೇಸ್ ಅಂದರೆ ಇಡೀ ಮನೆಯನ್ನು ಬಿಸಿ ಗಾಳಿಯಿಂದ ಬೆಚ್ಚಗಿಡುವ ಯಂತ್ರ.) ಅಪ್ಪ ಒಳಗೆ ಕರೆದರು. ಅಂಥ ಚಳಿಯಲ್ಲಿ ಮನುಷ್ಯರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡುವುದು ಅವರಿಗೆ ಗೊತ್ತಿಲ್ಲ. ಕಾಫಿಯನ್ನೂ ಮಾಡಿಕೊಟ್ಟರು.

ಸಂಜೆ ನಾನು ಬಂದಾಗ ಸಿಂಕಿನಲ್ಲಿ ಮೂರು ಲೋಟ ಇದ್ದವು. ಅಪ್ಪ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಫರ್ನೇಸ್ ಆಫ್ ಮಾಡಿಬಿಟ್ಟಿದ್ದರು.

‘ಪುಟ್ಟಾ, ಅದರೊಳಗೆ ಸೀಳು ಬಿಟ್ಟಿದೆಯಂತೆ ಕಣೋ. ವಿಷದ ಗಾಳಿ ಸೋರ್ತಿದೆಯಂತೆ. ನಾಳೆ ಬೆಳಿಗ್ಗೆ ಎಂಟಕ್ಕೇ ಬಂದು ಹೊಸದು ಹಾಕ್ತಾರೆ. ದುಡ್ಡೇನೂ ಬೇಡವಂತೆ, ಸರ್ಕಾರದ್ದಂತೆ. ನಾನು ಸಹಿ ಮಾಡಿದೆ’ ಎಂದರು.

ಅಪ್ಪ ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಊರಲ್ಲಿ ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಹಾಕಿದವರಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ಸುದ್ದಿ ಕೇಳಿದ ಕೂಡಲೇ ‘ಅಷ್ಟೂ ಗೊತ್ತಾಗಲ್ವಾ?’ ಎನ್ನುವವರು ತುಂಬಾ ಜನ. ಗೊತ್ತಾಗದ ಹಾಗೆ ಮಾಡುವುದೇ ಈ ವ್ಯಾಪಾರದ ಕಸುಬು. ಆ ಕಸುಬು ಹೇಗೆ ನಡೆಯುತ್ತದೆ, ಅದಕ್ಕೆ ಇಲ್ಲಿನ ಕಾನೂನು ಏನು ಹೇಳುತ್ತದೆ, ಸಹಿ ಆಗಿಹೋದ ಮೇಲೂ ಏನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿರುವ ಕನ್ನಡದ ಮನೆಗಳಲ್ಲಿ ಹಗಲು ಹೊತ್ತು ಇರುವುದು ಹೆಚ್ಚಾಗಿ ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ. ಬೆಲ್ ಆದರೆ ಬಾಗಿಲು ತೆಗೆಯುವುದೂ ಅವರೇ.

ಭಯ ಮೊದಲು, ಬೆಲೆ ಆಮೇಲೆ

ಬಾಗಿಲಲ್ಲಿ ಏನೇನೋ ಮಾರುತ್ತಾರೆ. ಬೆಂಗಳೂರಿನ ಮನೆಗಳಿಗೆ ವಾಟರ್ ಫಿಲ್ಟರ್ ಡೆಮೊ ತೋರಿಸುತ್ತೇವೆ ಎಂದು ಬಂದವರನ್ನು ನಾವೆಲ್ಲ ನೋಡಿದ್ದೇವೆ. ಫರ್ನೇಸ್ ಅದಕ್ಕಿಂತ ಬೇರೆ. ಚಳಿಗಾಲದಲ್ಲಿ ಅದು ನಿಂತರೆ ಮನೆಯಲ್ಲಿ ಇರೋಕಾಗಲ್ಲ, ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆಯಬಹುದು. ಹಾಗಿದ್ದೂ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಬೇಸ್‌ಮೆಂಟಿನ ಮೂಲೆಯಲ್ಲಿ ಗುಂಯ್ ಎನ್ನುತ್ತಾ ನಿಂತಿರುವ ತಗಡಿನ ಪೆಟ್ಟಿಗೆ, ಅಷ್ಟೇ. ಅತಿ ಅಗತ್ಯದ ವಸ್ತು, ಅದರ ಒಳಗು ಮಾತ್ರ ಕತ್ತಲೆ. ಹೆದರಿಸಿ ಮಾರುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಆ ಪೆಟ್ಟಿಗೆಯ ಕೆಲಸ ಸರಳ. ಕೆಳಗೆ ಗ್ಯಾಸ್ ಉರಿಯುತ್ತದೆ. ಆ ಬಿಸಿ ಹೊಗೆ ಲೋಹದ ಕೊಳವೆಗಳ ಒಳಗೆ ಹರಿದು, ಪೈಪಿನ ಮೂಲಕ ಮನೆಯಿಂದ ಹೊರಗೆ ಹೋಗುತ್ತದೆ. ಈ ಕೊಳವೆಗಳಿಗೆ ಹೀಟ್ ಎಕ್ಸ್‌ಚೇಂಜರ್ ಎನ್ನುತ್ತಾರೆ. ದೊಡ್ಡ ಫ್ಯಾನೊಂದು ಮನೆಯ ಗಾಳಿಯನ್ನು ಎಳೆದು, ಫಿಲ್ಟರಿನಲ್ಲಿ ಸೋಸಿ, ಈ ಬಿಸಿ ಕೊಳವೆಗಳ ಹೊರಮೈ ಮೇಲೆ ಹಾಯಿಸಿ, ಡಕ್ಟ್‌ಗಳ ಮೂಲಕ ಕೋಣೆ ಕೋಣೆಗೆ ಕಳಿಸುತ್ತದೆ. ಹೊಗೆಯೂ ಮನೆಯ ಗಾಳಿಯೂ ಎಲ್ಲೂ ಸೇರುವುದಿಲ್ಲ. ಸೇರಬಾರದು. ನಡುವೆ ಇರುವುದು ಲೋಹದ ತೆಳು ಗೋಡೆ ಮಾತ್ರ.

ಆ ಗೋಡೆ ಸೀಳಿದೆ ಎನ್ನುವುದೇ ಇವರ ದೊಡ್ಡ ಅಸ್ತ್ರ. ಸೀಳಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು ಎನ್ನುವುದು ಸುಳ್ಳಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. 2008ರಲ್ಲಿ ಇದೇ ಪ್ರಾಂತ್ಯದ ವುಡ್‌ಸ್ಟಾಕ್ ಊರಿನ ಒಂದು ಮನೆಯಲ್ಲಿ ಚಳಿ ಕಾಯಿಸುವ ಗ್ಯಾಸ್ ಫೈರ್‌ಪ್ಲೇಸಿನ ಹೊಗೆಕೊಳವೆ ಕಟ್ಟಿಕೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ತೀರಿಕೊಂಡರು. ಆ ಕುಟುಂಬದ ಹೆಸರಿನಲ್ಲೇ 2013ರಲ್ಲಿ ಹಾಕಿನ್ಸ್ ಗಿನ್ಯಾಕ್ ಕಾಯ್ದೆ ಬಂತು. ಗ್ಯಾಸ್ ಉರಿಯುವ ಮನೆಗಳಲ್ಲಿ ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕಾಯಿತು. ಅಂದರೆ ಭಯಕ್ಕೆ ನಿಜವಾದ ಬುಡ ಇದೆ. ಆ ಬುಡವನ್ನು ಹಿಡಿದುಕೊಂಡೇ ಸುಳ್ಳು ನಿಲ್ಲುತ್ತದೆ.

ಸೀಳನ್ನು ಕಂಡುಹಿಡಿಯುವುದು ಟಾರ್ಚ್ ಹಾಕಿ ನೋಡಿ ಐದು ನಿಮಿಷದಲ್ಲಿ ಹೇಳುವ ಕೆಲಸ ಅಲ್ಲ. ಗ್ಯಾಸ್ ಉಪಕರಣದ ಮೇಲೆ ಕೈಯಿಡಬೇಕಾದವನಿಗೆ ಟಿಎಸ್‌ಎಸ್‌ಎ ಎಂಬ ಪ್ರಾಂತ್ಯದ ಸುರಕ್ಷತಾ ಸಂಸ್ಥೆಯ ಸರ್ಟಿಫಿಕೇಟ್ ಇರಬೇಕು. ಅವನನ್ನು ಕೆಲಸಕ್ಕೆ ಇಟ್ಟುಕೊಂಡ ಕಂಪನಿ ಅಲ್ಲಿ ನೋಂದಣಿ ಆಗಿರಬೇಕು. ಅಂಥ ಟೆಕ್ನಿಷಿಯನ್ ಅಪಾಯ ಕಂಡರೆ ‘ರೆಡ್ ಟ್ಯಾಗ್’ ಎಂಬ ಎಚ್ಚರಿಕೆ ಚೀಟಿ ಕಟ್ಟುತ್ತಾನೆ. ತಕ್ಷಣದ ಅಪಾಯವಾದರೆ ಆಗಲೇ ಗ್ಯಾಸ್ ಬಂದ್. ಇಲ್ಲದಿದ್ದರೆ ರಿಪೇರಿಗೆ ಇಂತಿಷ್ಟು ದಿನ ಅಂತ ಗಡುವು ಕೊಡುತ್ತಾನೆ. ಯಾವ ಟ್ಯಾಗ್ ಕಟ್ಟಿದರೂ ಇನ್ನೊಬ್ಬ ಟೆಕ್ನಿಷಿಯನ್ನನ್ನು ಕರೆಸಿ ತೋರಿಸುವ ಹಕ್ಕು ನಮಗಿದೆ. ಸೇಲ್ಸ್‌ನವನು ಬಾಯಲ್ಲಿ ‘ಟ್ಯಾಗ್ ಬೀಳುತ್ತೆ ಅಂಕಲ್’ ಎಂದರೆ ಅದು ಟ್ಯಾಗ್ ಅಲ್ಲ.

ನಿಜವಾಗಿ ಅನುಮಾನ ಬಂದರೆ ಮಾಡಬೇಕಾದ್ದು ಬೇರೆಯೇ ಇದೆ. ಅಲಾರಂ ಕೂಗಿದರೆ ಎಲ್ಲರೂ ಮನೆಯಿಂದ ಹೊರಗೆ ಬಂದು 911ಕ್ಕೆ ಫೋನ್ ಮಾಡಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಗ್ಯಾಸಿಗೆ ಬೇಕಂತಲೇ ಬೆರೆಸಿದ ವಾಸನೆ. ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಹೋಗಿ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಬೇಕು. ಅವರು ಬಂದು ನೋಡುತ್ತಾರೆ. ಕೈಯಲ್ಲಿ ಬಾಡಿಗೆ ಕರಾರು ಹಿಡಿದುಕೊಂಡು ಬರುವುದಿಲ್ಲ.

ತಿಂಗಳಿಗೆ ಇಷ್ಟೇ

ಅಪ್ಪನ ಫೋನಿಗೆ ಒಂದು ಲಿಂಕ್ ಬಂದಿತ್ತು. ತೆರೆದರೆ 11 ಪುಟ. ಟ್ಯಾಬಿನಲ್ಲಿ ಬೆರಳಾಡಿಸಿ ಹಾಕಿದ ಅಪ್ಪನ ಸಹಿ ನಾಲ್ಕು ಕಡೆ ಇತ್ತು, ಒಂದಕ್ಕೊಂದು ಹೋಲಿಕೆಯೇ ಇಲ್ಲ. ಎರಡನೆಯ ಪುಟದಲ್ಲಿ ಬಾಡಿಗೆ: ತಿಂಗಳಿಗೆ 129 ಡಾಲರ್, ಮೇಲೆ ತೆರಿಗೆ. ಅವಧಿ 10 ವರ್ಷ. ವರ್ಷ ವರ್ಷ ಶೇಕಡಾ 3.5 ಏರಿಕೆ.

ಅಪ್ಪನಿಗೆ ಹೇಳಿದ್ದು ಇದರಲ್ಲಿ 129 ಮಾತ್ರ. ಅದನ್ನೂ ‘ಗ್ಯಾಸ್ ಬಿಲ್ಲಿನಲ್ಲಿ ಅಷ್ಟು ಉಳಿಯುತ್ತೆ, ಸರ್ಕಾರದ ರಿಬೇಟ್ ಬರುತ್ತೆ, ಕೈಯಿಂದ ಏನೂ ಹೋಗಲ್ಲ’ ಎಂದು ಹೊಂದಿಸಿ ಹೇಳಿದ್ದರು.

ಲೆಕ್ಕ ಹಾಕಿ ನೋಡೋಣ. ಒಂಟಾರಿಯೊದಲ್ಲಿ ತೆರಿಗೆ ಶೇಕಡಾ 13. 129 ಡಾಲರ್ 145.77 ಆಗುತ್ತದೆ. ಮೊದಲ ವರ್ಷಕ್ಕೇ 1,749 ಡಾಲರ್. ಬಾಡಿಗೆ ಒಂದು ಪೈಸೆ ಏರದಿದ್ದರೂ 10 ವರ್ಷಕ್ಕೆ ಸುಮಾರು 17,500. ಆ 3.5ರ ಏರಿಕೆ ಸೇರಿಸಿದರೆ 20,500 ದಾಟುತ್ತದೆ. ಆಮೇಲೆ ನಾನೇ ಮೂರು ಕಡೆ ಕೇಳಿದೆ. ಅದೇ ಅಳತೆಯ ಹೊಸ ಫರ್ನೇಸಿಗೆ, ಕೂರಿಸುವ ಖರ್ಚೂ ಸೇರಿ, 5,000ದಿಂದ 6,500 ಡಾಲರ್ ಹೇಳಿದರು. ಮೂರು ಪಟ್ಟು ಕೊಟ್ಟೂ ಅದು ನಮ್ಮದಾಗುವುದಿಲ್ಲ ಎನ್ನುವುದು ಏಳನೆಯ ಪುಟದಲ್ಲಿತ್ತು. ನಡುವೆ ಬಿಡಬೇಕೆಂದರೆ ಉಳಿದ ಬಾಡಿಗೆಯ ಜೊತೆ ಕಿತ್ತುಕೊಂಡು ಹೋಗುವ ಖರ್ಚನ್ನೂ ಕೊಡಬೇಕಂತೆ.

ಮನೆಯ ಪೆಟ್ಟಿಗೆಯನ್ನು ಬಾಡಿಗೆಗೆ ತರುವುದು ಊರಿನವರಿಗೆ ವಿಚಿತ್ರ ಅನ್ನಿಸಬಹುದು. ಒಂಟಾರಿಯೊದಲ್ಲಿ ಇದು ಹಳೆಯ ರೂಢಿ. ಇಲ್ಲಿ ವಾಟರ್ ಹೀಟರ್ ಬಾಡಿಗೆಗೆ ಇಟ್ಟುಕೊಂಡ ಮನೆಗಳು ಲೆಕ್ಕವಿಲ್ಲದಷ್ಟು. ಮನೆ ಕೊಂಡಾಗ ಹೀಟರ್ ಜೊತೆಗೇ ಬರುತ್ತದೆ, ಬಾಡಿಗೆಯೂ ಬರುತ್ತದೆ, ಯಾರೂ ಕೇಳುವುದಿಲ್ಲ. ಹಿಂದಿರುಗಿಸಲು ಹೋದರೆ ಅಡ್ಡಿ ಮಾಡುತ್ತಾರೆ ಎಂಬ ದೂರಿನ ಮೇಲೆ ವ್ಯಾಪಾರದ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಕೆನಡಾದ ಕಾಂಪಿಟಿಷನ್ ಬ್ಯೂರೋ ಎರಡು ದೊಡ್ಡ ಬಾಡಿಗೆ ಕಂಪನಿಗಳ ಹಿಂದೆ ಬಿದ್ದಿತ್ತು. 2014ರಲ್ಲಿ ಒಂದು ಕಂಪನಿ 50 ಲಕ್ಷ ಡಾಲರ್, 2015ರಲ್ಲಿ ಇನ್ನೊಂದು 10 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ಬಾಡಿಗೆ ಎನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ದುಡ್ಡಿಲ್ಲದಾಗ, ರಿಪೇರಿಯ ತಲೆನೋವು ಬೇಡ ಎನ್ನುವವರಿಗೆ ಅದು ಸರಿಹೋಗಬಹುದು. ಆದರೆ ಮೂರು ಕಡೆ ಬೆಲೆ ಕೇಳಿ, ಮೊತ್ತ ನೋಡಿ, ತಾವಾಗಿ ಹೋಗಿ ಮಾಡಿಕೊಳ್ಳಬೇಕಾದ ಕರಾರು ಅದು.

ಬಾಗಿಲಿಗೆ ಬಂದವನು ಮಾರುತ್ತಿರುವುದು ಪೆಟ್ಟಿಗೆಯನ್ನೇ ಅಲ್ಲ, ಆ ಕರಾರನ್ನು. ಎಷ್ಟೋ ಸಲ ಸಹಿ ಬಿದ್ದ ಕಾಗದ ಇನ್ನೊಂದು ಫೈನಾನ್ಸ್ ಕಂಪನಿಯ ಕೈಗೆ ಹೋಗುತ್ತದೆ. ಮಾರಿದವನಿಗೆ ಅವನ ದುಡ್ಡು ಸಿಕ್ಕಿತು. ಆಮೇಲೆ ನಾವು ದೂರಿದರೆ ಮಾರಿದ ಕಂಪನಿ ಫೋನ್ ಎತ್ತುವುದಿಲ್ಲ, ಫೈನಾನ್ಸ್‌ನವರು ‘ನಮಗೆ ಅದು ಸಂಬಂಧವಿಲ್ಲ, ಕಂತು ಕಟ್ಟಿ’ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಎಂಟಕ್ಕೇ ಹಾಕಿಬಿಡುತ್ತೇವೆ ಎನ್ನುವ ಆತುರವೂ ಇದಕ್ಕೇ. ಹಳೆಯದನ್ನು ಕಿತ್ತು ಲಾರಿಗೆ ಹಾಕಿದ ಮೇಲೆ ಚಳಿಗಾಲದಲ್ಲಿ ಯಾರು ತಾನೇ ‘ಹೊಸದು ಬೇಡ, ತೆಗೆದುಕೊಂಡು ಹೋಗಿ’ ಎಂದಾರು?

ಮನೆಯ ಪತ್ರಕ್ಕೆ ಬೀಳುತ್ತಿದ್ದ ಗಂಟು

ಆ ರಾತ್ರಿ ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು 129 ಡಾಲರ್ ಅಲ್ಲ. ಒಂಬತ್ತನೆಯ ಪುಟದ ಒಂದು ಸಾಲು. ಮನೆಯ ಮೇಲೆ ‘ನೋಸಿ’ ನೋಂದಾಯಿಸಲು ಒಪ್ಪಿದ್ದೇನೆ ಎಂದು ಅಲ್ಲಿ ಬರೆದಿತ್ತು.

ನೋಟಿಸ್ ಆಫ್ ಸೆಕ್ಯುರಿಟಿ ಇಂಟರೆಸ್ಟ್ ಎನ್ನುವುದನ್ನು ಇಲ್ಲಿ ಎಲ್ಲರೂ ನೋಸಿ ಎನ್ನುತ್ತಾರೆ. ನಮ್ಮೂರಲ್ಲಿ ಜಮೀನಿನ ಋಣಭಾರ ಪತ್ರ ತೆಗೆಸಿದರೆ ಅದರ ಮೇಲಿನ ಸಾಲಗೀಲ ಎಲ್ಲ ಕಾಣುತ್ತದಲ್ಲ, ಹಾಗೇ ಇದೂ. ಫರ್ನೇಸ್ ಬಾಡಿಗೆಯದ್ದು, ಆದರೆ ಮನೆಗೆ ಅಂಟಿಕೊಂಡಿದೆ. ಹಾಗಾಗಿ ‘ಈ ಮನೆಯೊಳಗಿನ ಈ ವಸ್ತು ನಮ್ಮದು’ ಎಂದು ಕಂಪನಿ ಭೂ ದಾಖಲೆಯಲ್ಲಿ ಒಂದು ನಮೂದು ಹಾಕಿಸುತ್ತಿತ್ತು. ಮನೆಯ ಮಾಲೀಕನಿಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ವರ್ಷಗಳು ಕಳೆದು ಮನೆ ಮಾರುವಾಗಲೋ, ಬೇರೆ ಬ್ಯಾಂಕಿಗೆ ಸಾಲ ಬದಲಾಯಿಸುವಾಗಲೋ ವಕೀಲರು ತೆಗೆದು ನೋಡಿದರೆ ಅಲ್ಲಿ ಇದು. ಕೊಳ್ಳುವವನು ‘ಇದನ್ನು ತೆಗೆಸಿ’ ಎನ್ನುತ್ತಾನೆ. ಬ್ಯಾಂಕೂ ಅದನ್ನೇ ಹೇಳುತ್ತದೆ. ನೋಂದಣಿಯ ದಿನ ಹತ್ತಿರ, ಸಮಯ ಇಲ್ಲ. ಆಗ ಕಂಪನಿ ಬಾಯಿಗೆ ಬಂದ ಮೊತ್ತ ಕೇಳುತ್ತಿತ್ತು. ಕೆಲವು ಸಾವಿರ ಬೆಲೆಯ ಪೆಟ್ಟಿಗೆಗೆ ಹತ್ತಾರು ಸಾವಿರ ಡಾಲರ್ ಕೊಟ್ಟು ಬಿಡಿಸಿಕೊಂಡವರಿದ್ದಾರೆ. ಒಂದೇ ಮನೆಯ ಮೇಲೆ ಫರ್ನೇಸಿಗೊಂದು, ಏಸಿಗೊಂದು, ನೀರಿನ ಫಿಲ್ಟರಿಗೊಂದು ಎಂದು ಸಾಲಾಗಿ ನೋಸಿ ಬಿದ್ದದ್ದೂ ಇದೆ. ಹೆಚ್ಚು ಸಿಕ್ಕಿಬಿದ್ದವರು ಒಬ್ಬೊಬ್ಬರೇ ಇರುವ ವಯಸ್ಸಾದವರು.

ಇದು ಈಗ ನಿಂತಿದೆ. 2024ರ ಜೂನ್ 6ರಂದು ಒಂಟಾರಿಯೊದಲ್ಲಿ ಮನೆ ಮಾಲೀಕರ ರಕ್ಷಣೆಯ ಕಾಯ್ದೆ ಜಾರಿಗೆ ಬಂತು. ಮನೆಬಳಕೆಯ ವಸ್ತುಗಳಿಗಾಗಿ ಭೂ ದಾಖಲೆಯಲ್ಲಿ ನೋಸಿ ಹಾಕಿಸುವುದು ಅಂದಿನಿಂದ ಬಂದ್. ಅಲ್ಲಿಯವರೆಗೆ ಬಿದ್ದಿದ್ದ ಅಂಥ ನೋಸಿಗಳೂ ಅವಧಿ ಮುಗಿದವು ಎಂದೇ ಲೆಕ್ಕ. ದಾಖಲೆಯಿಂದ ಹೆಸರು ಅಳಿಸಲು ವಕೀಲರ ಮೂಲಕ ಅರ್ಜಿ ಹಾಕಬೇಕು, ಅಷ್ಟೇ. ಒಂದು ವಿಷಯದಲ್ಲಿ ಮಾತ್ರ ತಪ್ಪು ತಿಳಿಯಬೇಡಿ. ಹೋದದ್ದು ಮನೆಯ ಮೇಲಿನ ಗಂಟು, ಕರಾರಲ್ಲ. ಕರಾರು ಸರಿಯಾಗಿ ಆಗಿದ್ದರೆ ಬಾಡಿಗೆ ಕಟ್ಟಲೇಬೇಕು. ಹಾಗಾಗಿ ಕರಾರೇ ನಿಲ್ಲುತ್ತದೋ ಇಲ್ಲವೋ ಎನ್ನುವುದು ಮುಖ್ಯ. ಆ ಉತ್ತರ 2018ರಲ್ಲೇ ಸಿಕ್ಕಿದೆ.

ಕರೆಯದೆ ಬಂದವನ ಕಾಗದ

2018ರ ಮಾರ್ಚ್ 1ರಿಂದ ಒಂಟಾರಿಯೊದಲ್ಲಿ ಕರೆಯದೆ ಬಾಗಿಲಿಗೆ ಬಂದು ಕೆಲವು ವಸ್ತುಗಳ ಕರಾರು ಮಾಡಿಸಿಕೊಳ್ಳುವಂತಿಲ್ಲ. ಫರ್ನೇಸ್, ಏಸಿ, ವಾಟರ್ ಹೀಟರ್, ಗಾಳಿ ಶುದ್ಧ ಮಾಡುವ ಯಂತ್ರ, ವಾಟರ್ ಫಿಲ್ಟರ್, ಸಾಫ್ಟ್‌ನರ್, ನೀರು ಶುದ್ಧ ಮಾಡುವ ಬೇರೆ ಸಾಧನಗಳು, ಡಕ್ಟ್ ಕ್ಲೀನಿಂಗ್. ಇವನ್ನು ಒಟ್ಟಿಗೆ ಸೇರಿಸಿ ಪ್ಯಾಕೇಜ್ ಮಾಡಿ ಮಾರಿದರೂ ಅದೇ ನಿಯಮ. ಆಲ್ಬರ್ಟಾ ಪ್ರಾಂತ್ಯ ಇದಕ್ಕೂ ಒಂದು ವರ್ಷ ಮೊದಲೇ, 2017ರ ಜನವರಿ 1ರಿಂದ, ಫರ್ನೇಸ್, ವಾಟರ್ ಹೀಟರ್, ಏಸಿ, ಕಿಟಕಿಗಳನ್ನು ಬಾಗಿಲಲ್ಲಿ ಮಾರುವುದನ್ನು ನಿಲ್ಲಿಸಿತ್ತು.

ನಾವೇ ಕಂಪನಿಯನ್ನು ಸಂಪರ್ಕಿಸಿ, ಕರಾರು ಮಾಡಲೆಂದೇ ಮನೆಗೆ ಕರೆದಿದ್ದರೆ ಮಾತ್ರ ಅವರು ಮನೆಯಲ್ಲಿ ಸಹಿ ಹಾಕಿಸಿಕೊಳ್ಳಬಹುದು. ಹಾಗಲ್ಲದೆ ತಾವಾಗಿ ಬಂದು ಹಾಕಿಸಿಕೊಂಡ ಸಹಿ ಅಸಿಂಧು. ಕಾನೂನಿನ ಲೆಕ್ಕದಲ್ಲಿ ಆ ಕರಾರು ಇಲ್ಲವೇ ಇಲ್ಲ. ವಸ್ತು ಮನೆಗೆ ಬಂದುಬಿಟ್ಟಿದ್ದರೂ ಅದಕ್ಕೆ ದುಡ್ಡು ಕೊಡುವ ಬಾಧ್ಯತೆ ನಮಗಿಲ್ಲ.

ಇದನ್ನು ಓದಿದಾಗ ನನ್ನ ಎದೆಯ ಭಾರ ಇಳಿಯಿತು. ಆಮೇಲೆ ಮೂರನೆಯ ಪುಟಕ್ಕೆ ಹಿಂದಿರುಗಿದೆ. ಅಲ್ಲೊಂದು ಚಿಕ್ಕ ಚೌಕ. ಅದರ ಮುಂದೆ ‘ಗ್ರಾಹಕರೇ ಕಂಪನಿಯನ್ನು ಸಂಪರ್ಕಿಸಿ ಮನೆಗೆ ಬರಹೇಳಿದ್ದಾರೆ’ ಎಂಬ ಅರ್ಥದ ಸಾಲು. ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು.

ಕಾನೂನು ಬಂದ ಮೇಲೆ ಕಸುಬೂ ಹೀಗೆ ಬದಲಾಗಿದೆ. ಸಹಿ ಆದ ಕೂಡಲೇ ಕಂಪನಿಯಿಂದ ಒಂದು ಫೋನ್ ಬರುತ್ತದೆ. ಪಕ್ಕದಲ್ಲಿ ಕೂತವನು ‘ಎಲ್ಲದಕ್ಕೂ ಯೆಸ್ ಅನ್ನಿ ಅಂಕಲ್, ಸುಮ್ನೆ ಫಾರ್ಮಾಲಿಟಿ’ ಎನ್ನುತ್ತಾನೆ. ಅಪ್ಪನಿಗೂ ಬಂದಿತ್ತು. ನೀವೇ ಕರೆದಿರಾ? ಯೆಸ್. ಷರತ್ತು ಎಲ್ಲ ಓದಿದಿರಾ? ಯೆಸ್. ಮನೆ ನಿಮ್ಮದೇ ತಾನೇ? ಯೆಸ್. ಆ ಮನೆ ನಮ್ಮದು, ಅಪ್ಪನದಲ್ಲ. ಅಪ್ಪ ಬಂದಿದ್ದದ್ದು ಸೂಪರ್ ವೀಸಾದಲ್ಲಿ, ಅಂದರೆ ಇಲ್ಲಿರುವವರ ಅಪ್ಪ ಅಮ್ಮ ಬಂದು ಇದ್ದು ಹೋಗಲು ಕೊಡುವ ವೀಸಾದಲ್ಲಿ. ರೆಕಾರ್ಡ್ ಆದ ಈ ಯೆಸ್‌ಗಳನ್ನು ನಾಳೆ ನಮ್ಮ ಮುಂದೆಯೇ ಇಡುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ. ಗ್ರಾಹಕರ ಜೊತೆ ಸಂಪರ್ಕ ಹೇಗೆ ಆಯಿತು ಎಂಬ ದಾಖಲೆಯನ್ನು ಕಂಪನಿ ಇಟ್ಟುಕೊಳ್ಳಬೇಕು. ನೀವು ಯಾವ ದಿನ, ಯಾವ ನಂಬರಿಂದ ಕರೆದಿರಿ ಎಂದು ತೋರಿಸಲು ಕೇಳಿ. ಕರೆದೇ ಇಲ್ಲದ ಕರೆಯನ್ನು ಎಲ್ಲಿಂದ ತೋರಿಸುತ್ತಾರೆ?

ಬಾಗಿಲಲ್ಲಿ ಎರಡು ನಿಮಿಷ

ಹಾಗಂತ ಸಹಿ ಹಾಕಿ ಆಮೇಲೆ ಬಿಡಿಸಿಕೊಳ್ಳೋಣ ಎಂದುಕೊಳ್ಳಬೇಡಿ. ಬಿಡಿಸಿಕೊಳ್ಳುವುದು ವಾರಗಟ್ಟಲೆಯ ಕೆಲಸ. ಬಾಗಿಲಲ್ಲಾದರೆ ಎರಡು ನಿಮಿಷ.

ನಮ್ಮವರಿಗೆ ಕಷ್ಟವಾಗುವುದೇ ಆ ಎರಡು ನಿಮಿಷ. ಮನೆ ಬಾಗಿಲಿಗೆ ಬಂದವರ ಮುಖಕ್ಕೆ ಬಾಗಿಲು ಹಾಕುವುದು ನಮಗೆ ಬರುವುದಿಲ್ಲ. ನಾನು ಅಪ್ಪನಿಗೆ ಹೇಳಿದ್ದು ಇಷ್ಟು: ಬಂದಿರುವವನು ನೆಂಟನಲ್ಲ, ಸಹಾಯ ಕೇಳಿ ಬಂದವನೂ ಅಲ್ಲ. ನಮ್ಮ ಮರ್ಯಾದೆಯ ಅಭ್ಯಾಸವನ್ನೇ ನಂಬಿಕೊಂಡು ಬಂದವನು. ಅವನಿಗೆ ಕಾಫಿ ಕೊಡದೆ ಕಳಿಸಿದರೆ ಯಾವ ಪಾಪವೂ ಬರುವುದಿಲ್ಲ.

ವಾದಕ್ಕೆ ಇಳಿಯಲೇಬಾರದು. ‘ನಮ್ಮ ಫರ್ನೇಸ್ ಚೆನ್ನಾಗಿದೆ’ ಎಂದರೆ ‘ಎಷ್ಟು ವರ್ಷ ಆಯ್ತು?’ ಎನ್ನುತ್ತಾನೆ. ‘ಮಗನನ್ನು ಕೇಳಬೇಕು’ ಎಂದರೆ ‘ಮಗನಿಗೆ ಫೋನ್ ಮಾಡಿ, ನಾನೇ ಮಾತಾಡ್ತೀನಿ’ ಎನ್ನುತ್ತಾನೆ. ನಾವು ಕೊಡುವ ಒಂದೊಂದು ಕಾರಣಕ್ಕೂ ಅವನ ಹತ್ತಿರ ಉತ್ತರ ಇದೆ, ಅದನ್ನು ಕಲಿತುಕೊಂಡೇ ಬಂದಿರುತ್ತಾನೆ. ಕಾರಣವೇ ಕೊಡದಿದ್ದರೆ ಉತ್ತರವೂ ಇಲ್ಲ. ‘ನಾಟ್ ಇಂಟರೆಸ್ಟೆಡ್. ಪ್ಲೀಸ್ ಲೀವ್.’ ಇಷ್ಟು ಸಾಕು. ಬಾಗಿಲು ತೆಗೆಯದೇ ಹೇಳಿದರೆ ಇನ್ನೂ ಒಳ್ಳೆಯದು. ಹೋಗಿ ಎಂದ ಮೇಲೂ ನಿಂತರೆ ಅದು ಅತಿಕ್ರಮ ಪ್ರವೇಶ, ಪೊಲೀಸರಿಗೆ ಫೋನ್ ಮಾಡಬಹುದು.

ಬಾಗಿಲಲ್ಲಿ ಕೇಳುವ ಎರಡು ಪ್ರಶ್ನೆ ನೆನಪಿಟ್ಟುಕೊಳ್ಳಿ. ಒಂದು, ‘ಗ್ಯಾಸ್ ಬಿಲ್ ತೋರಿಸಿ, ರಿಬೇಟ್‌ಗೆ ಅರ್ಹರಾ ನೋಡ್ತೀವಿ.’ ಬಿಲ್ಲಿನಲ್ಲಿ ನಿಮ್ಮ ಹೆಸರು, ಖಾತೆ ನಂಬರ್ ಎಲ್ಲ ಇದೆ. ಕರಾರು ತುಂಬಿಸಲು ಅವರಿಗೆ ಬೇಕಾದದ್ದೇ ಅದು. ಇನ್ನೊಂದು, ‘ಒಳಗೆ ಬಂದು ಮೀಟರ್ ನೋಡಬೇಕು.’ ಇಲ್ಲಿ ಬ್ರಾಂಪ್ಟನ್ ಕಡೆಯ ಮನೆಗಳಲ್ಲಿ ಗ್ಯಾಸ್ ಮೀಟರ್ ಹೊರಗೋಡೆಯ ಮೇಲೇ ಇರುತ್ತದೆ. ಅದನ್ನು ಓದಲು ಯಾರೂ ಬೇಸ್‌ಮೆಂಟಿಗೆ ಇಳಿಯಬೇಕಾಗಿಲ್ಲ.

ಸರ್ಕಾರದ ಹೆಸರೂ ಹಾಗೆಯೇ. ಆಗ ಕೆನಡಾದ ಕೇಂದ್ರ ಸರ್ಕಾರದ ಗ್ರೀನರ್ ಹೋಮ್ಸ್ ಯೋಜನೆ ನಡೆಯುತ್ತಿತ್ತು. 2021ರಲ್ಲಿ ಶುರುವಾಗಿದ್ದು, ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿಯನ್ನು ಮನೆಯೊಳಗೆ ತರುವ ಯಂತ್ರ) ಥರದ ಕೆಲಸಗಳಿಗೆ 5,000 ಡಾಲರ್‌ವರೆಗೆ ಕೊಡುತ್ತಿದ್ದರು. ಆದರೆ ಅದಕ್ಕೆ ಮನೆಯವರೇ ಅರ್ಜಿ ಹಾಕಬೇಕಿತ್ತು. ಕೆಲಸಕ್ಕೆ ಮೊದಲು ನೋಂದಾಯಿತ ಎನರ್ಜಿ ಅಡ್ವೈಸರ್ ಬಂದು ಮನೆ ಅಳೆದು ವರದಿ ಕೊಡಬೇಕಿತ್ತು. ಟ್ಯಾಬಿನಲ್ಲಿ ಸಹಿ ಹಾಕಿದರೆ ಬರುವ ದುಡ್ಡಲ್ಲ ಅದು. ಸರ್ಕಾರ ಬಾಗಿಲು ಬಾಗಿಲಿಗೆ ಫರ್ನೇಸ್ ಮಾರುವವರನ್ನು ಕಳಿಸುವುದಿಲ್ಲ. ಗ್ಯಾಸ್ ಕಂಪನಿಯೂ ಕಳಿಸುವುದಿಲ್ಲ.

ಸಹಿ ಆಗಿಹೋಗಿದ್ದರೆ

ಮೊದಲು ಮನೆಯವರ ಮೇಲೆ ಕೂಗಾಡಬೇಡಿ. ನಾನು ಆ ಸಂಜೆ ಎರಡು ಮಾತು ಜೋರಾಗಿ ಆಡಿಬಿಟ್ಟೆ. ಅಪ್ಪ ತಲೆ ತಗ್ಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಾಚಿಕೆಯಿಂದ ವಿಷಯ ಮುಚ್ಚಿಡುವವರಿಗೇ ಇದರಲ್ಲಿ ಜಾಸ್ತಿ ನಷ್ಟ, ಯಾಕೆಂದರೆ ದಿನಗಳು ಓಡುತ್ತಿರುತ್ತವೆ.

ಅದೇ ರಾತ್ರಿ ನಾನು ಈಮೇಲ್ ಬರೆದೆ. ಚಿಕ್ಕದು. ಕರಾರಿನ ನಂಬರ್, ದಿನಾಂಕ, ವಿಳಾಸ. ‘ನಿಮ್ಮನ್ನು ನಾವು ಕರೆದಿರಲಿಲ್ಲ. ಇದು ಕರೆಯದೆ ಬಂದು ಮಾಡಿಸಿಕೊಂಡ ಕರಾರು, ಅಸಿಂಧು. ಹಾಗಲ್ಲ ಎಂದು ನೀವು ಹೇಳಿದರೂ ಇದನ್ನು ಈಗಲೇ ರದ್ದು ಮಾಡುತ್ತಿದ್ದೇವೆ. ಯಾರೂ ಮನೆಗೆ ಬರಬಾರದು.’ ಮರುದಿನ ಅದನ್ನೇ ಅಚ್ಚು ಮಾಡಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ರಸೀದಿ ಇಟ್ಟುಕೊಂಡೆ.

‘ಹಾಗಲ್ಲ ಎಂದು ನೀವು ಹೇಳಿದರೂ’ ಎಂಬ ಸಾಲು ಯಾಕೆ ಬೇಕು ಅಂದರೆ, ಇನ್ನೊಂದು ಹಕ್ಕೂ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಕೂತು ಮಾಡಿದ 50 ಡಾಲರ್ ಮೀರಿದ ಯಾವುದೇ ಕರಾರನ್ನು, ನಾವೇ ಕರೆಸಿ ಮಾಡಿದ್ದಾದರೂ ಸರಿ, ಕಾಗದದ ಪ್ರತಿ ಕೈಗೆ ಬಂದ 10 ದಿನದೊಳಗೆ ರದ್ದು ಮಾಡಬಹುದು. ಕಾರಣ ಹೇಳಬೇಕಾಗಿಲ್ಲ. ರದ್ದು ಮಾಡಿದ 15 ದಿನದೊಳಗೆ ಅವರು ದುಡ್ಡು ಹಿಂದಿರುಗಿಸಬೇಕು. ಆ ಕರಾರಿಗೆ ಜೋಡಿಸಿದ ಸಾಲದ ಕಾಗದವೂ ಅದರ ಜೊತೆಗೇ ರದ್ದಾಗುತ್ತದೆ. ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದರೆ ಒಂದು ವರ್ಷದವರೆಗೂ ಅವಕಾಶ ಇದೆ. 10 ದಿನ ದಾಟಿತು ಎಂದು ಕೈಚೆಲ್ಲಿ ಕೂತವರು ಈ ಒಂದು ವರ್ಷದ ಮಾತನ್ನು ತಿಳಿದುಕೊಳ್ಳಬೇಕು.

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ವ್ಯಾನ್ ಬಂತು. ಇಳಿದವರು ಬೇರೆ ಹುಡುಗರು, ಪೆಟ್ಟಿಗೆ ಕೂರಿಸುವವರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಬಾಗಿಲ ಕಿಂಡಿಯಿಂದಲೇ ‘ಕ್ಯಾನ್ಸಲ್ ಆಗಿದೆ, ಈಮೇಲ್ ನೋಡಿ’ ಎಂದೆ. ಅವರು ಫೋನ್ ಮಾಡಿ ನನ್ನ ಕೈಗೆ ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಆಮೇಲೆ ಆರೇಳು ದಿನ ಫೋನ್ ಮೇಲೆ ಫೋನ್. ರದ್ದತಿ ಶುಲ್ಕ 1,500 ಆಗುತ್ತದೆ, ಕ್ರೆಡಿಟ್ ಸ್ಕೋರ್ ಹಾಳಾಗುತ್ತದೆ, ‘ಸರಿ, 99ಕ್ಕೆ ಇಳಿಸುತ್ತೇವೆ’. ನಾನು ಪ್ರತಿ ಸಲವೂ ‘ಬರೆದು ಕಳಿಸಿ’ ಎಂದಷ್ಟೇ ಹೇಳಿದೆ. ಒಂದನ್ನೂ ಬರೆದು ಕಳಿಸಲಿಲ್ಲ.

ಕಂತು ಹೋಗಲು ಶುರುವಾಗಿದ್ದರೆ ಬ್ಯಾಂಕಿಗೆ ಹೋಗಿ ಆ ಡೆಬಿಟ್ ನಿಲ್ಲಿಸಿ. ಒಪ್ಪಿಗೆಯಿಲ್ಲದೆ ಹೋದ ದುಡ್ಡನ್ನು 90 ದಿನದೊಳಗೆ ಕೇಳಿದರೆ ಬ್ಯಾಂಕಿನ ಮೂಲಕ ವಾಪಸ್ ಪಡೆಯಬಹುದು. ಕಂಪನಿ ಒಪ್ಪದಿದ್ದರೆ ಕನ್ಸ್ಯೂಮರ್ ಪ್ರೊಟೆಕ್ಷನ್ ಒಂಟಾರಿಯೊ ಎಂಬ ಪ್ರಾಂತ್ಯ ಸರ್ಕಾರದ ಗ್ರಾಹಕ ರಕ್ಷಣಾ ವಿಭಾಗದಲ್ಲಿ ದೂರು ಕೊಡಿ. ಅದಕ್ಕೆ ವಕೀಲರು ಬೇಕಾಗಿಲ್ಲ. ಆಗಿನ್ನೂ ನೋಸಿ ಇದ್ದ ಕಾಲ, ಹಾಗಾಗಿ ನಾನು ಮನೆ ಕೊಂಡಾಗಿನ ವಕೀಲರಿಗೆ ಹೇಳಿ ಭೂ ದಾಖಲೆ ತೆಗೆಸಿ ನೋಡಿದೆ. ಏನೂ ಬಿದ್ದಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಒಮ್ಮೆ ಸಿಕ್ಕಿಬಿದ್ದವರ ಹತ್ತಿರ ಕೆಲವು ತಿಂಗಳ ಮೇಲೆ ಬೇರೆಯವರು ಬರುತ್ತಾರೆ. ‘ನಿಮ್ಮನ್ನು ಆ ಕೆಟ್ಟ ಕರಾರಿನಿಂದ ಬಿಡಿಸ್ತೀವಿ, ಎಲ್ಲವನ್ನೂ ಒಂದೇ ಕಂತಿಗೆ ತರ್ತೀವಿ’ ಎನ್ನುತ್ತಾರೆ. ಆ ಒಂದೇ ಕಂತು ಹಳೆಯ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ಅವರ ಕೈಯಲ್ಲಿ ನಿಮ್ಮ ಹಳೆಯ ಕರಾರಿನ ವಿವರ ಎಲ್ಲ ಇರುತ್ತದೆ, ಅದಕ್ಕೇ ನಂಬಿಕೆ ಬರುವುದು. ಫೋನಿನಲ್ಲಿ ‘ಉಚಿತ ತಪಾಸಣೆ’ ಎನ್ನುವುದು, ಫೇಸ್‌ಬುಕ್ಕಿನಲ್ಲಿ ‘ಸರ್ಕಾರದ ಯೋಜನೆಗೆ ನಿಮ್ಮ ನಂಬರ್ ಕೊಡಿ’ ಎನ್ನುವುದೂ ಇದರದೇ ಇನ್ನೊಂದು ದಾರಿ. ನಂಬರ್ ಕೊಟ್ಟರೆ ‘ನೀವೇ ನಮ್ಮನ್ನು ಸಂಪರ್ಕಿಸಿದ್ದು’ ಎನ್ನಲು ಅವರಿಗೊಂದು ಎಳೆ ಸಿಕ್ಕಿತು.

ಅಪ್ಪನ ಮನಸ್ಸಿನ ಭಯ ಮಾತ್ರ ಈಮೇಲಿನಿಂದ ಹೋಗಲಿಲ್ಲ. ರಾತ್ರಿ ಎದ್ದು ಅಲಾರಂ ಹತ್ತಿರ ನಿಂತು ಹಸಿರು ದೀಪ ನೋಡುತ್ತಿದ್ದರು. ಹಾಗಾಗಿ ಟಿಎಸ್‌ಎಸ್‌ಎ ಪಟ್ಟಿಯಲ್ಲಿ ಹೆಸರಿರುವ ಕಂಪನಿಯೊಂದನ್ನು ನಾವೇ ಹುಡುಕಿ ಕರೆಸಿದೆವು. ಬಂದ ಟೆಕ್ನಿಷಿಯನ್ ತನ್ನ ಕಾರ್ಡ್ ತೋರಿಸಿ, ಮುಚ್ಚಳ ಬಿಚ್ಚಿ, ಮೀಟರ್ ಹಿಡಿದು, ಕ್ಯಾಮೆರಾ ಇಳಿಸಿ ಮುಕ್ಕಾಲು ಗಂಟೆ ನೋಡಿದರು. ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಪ್ರತಿಯೊಂದನ್ನೂ ಕೇಳಿದರು. ಸೀಳು ಇರಲಿಲ್ಲ. ಫಿಲ್ಟರ್ ಮಾತ್ರ ಧೂಳು ಕಟ್ಟಿ ಕಂಬಳಿಯ ಹಾಗಾಗಿತ್ತು. ನಾವು ಒಂದು ವರ್ಷದಿಂದ ಬದಲಾಯಿಸಿರಲಿಲ್ಲ. ಹೊಸ ಫಿಲ್ಟರ್ 20 ಡಾಲರ್.

ಆ ಫರ್ನೇಸ್ ಈಗಲೂ ಉರಿಯುತ್ತಿದೆ. ಫಿಲ್ಟರಿನ ಅಂಚಿನ ಮೇಲೆ ಅಪ್ಪನ ಕೈಬರಹದಲ್ಲಿ ಕನ್ನಡ ಅಂಕಿಗಳಲ್ಲಿ ಹಾಕಿದ ದಿನಾಂಕ ಇದೆ. ಮೂರು ತಿಂಗಳಿಗೊಮ್ಮೆ ಹಾಸನದಿಂದ ಫೋನ್ ಮಾಡಿ ‘ಬದಲಾಯಿಸಿದ್ಯಾ?’ ಎಂದು ಕೇಳುತ್ತಾರೆ.